ಮೊದಲ ರೋಲು ಯಾವುದಿರಲಿ? ಹೊಸಬರಿಗೆ ಕೈಗೆಟಕುವ ಕಪ್ಪು-ಬಿಳುಪು ಫಿಲ್ಮ್



ಮನೆಯ ಟ್ರಂಕಿನಲ್ಲಿ ಬಿದ್ದಿದ್ದ ಹಳೆಯ ಕ್ಯಾಮೆರಾ ಒಂದು ದಿನ ಮೊಮ್ಮಗನ ಕೈಗೆ ಸಿಗುತ್ತದೆ. ಒರೆಸಿ ನೋಡಿದರೆ ಷಟರ್ ಇನ್ನೂ 'ಟಕ್' ಎನ್ನುತ್ತದೆ. ಇದರಲ್ಲಿ ಫೋಟೋ ತೆಗೆಯಬಹುದೇ, ರೋಲು ಎಲ್ಲಿ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ, ತೊಳೆದು ಕೊಡುವವರು ಯಾರು ಎಂದು ಹುಡುಗ ಕೇಳತೊಡಗುತ್ತಾನೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂತಹ ನದಿದಂಡೆಯ ಊರಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವವರಿಗೆ ಹತ್ತಿರದಲ್ಲಿ ಉತ್ತರ ಹೇಳುವವರು ಕಡಿಮೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ಕೇವಲ ಫೋಟೋ ಬೇಕೆಂದರೆ ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನೇ ಸಾಕು; ಅದಕ್ಕೆ ಖರ್ಚೂ ಇಲ್ಲ. ಫಿಲ್ಮ್ ಹಿಡಿಯುವವರು ಬೇರೆ ಕಾರಣಕ್ಕೆ ಹಿಡಿಯಬೇಕು. ಒಂದು ರೋಲಿನಲ್ಲಿ ಇರುವುದು 36 ಚಿತ್ರಗಳು ಮಾತ್ರ. ಆದುದರಿಂದ ಗುಂಡಿ ಒತ್ತುವ ಮುನ್ನ ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಎಲ್ಲಿ ಬೀಳುತ್ತಿದೆ ಎಂದು ನೋಡುವ ಅಭ್ಯಾಸವಾಗುತ್ತದೆ. ಜೊತೆಗೆ, ಸರಿಯಾಗಿ ತೊಳೆದು ಕಾಪಾಡಿದ ನೆಗೆಟಿವ್ ಮೂರು ತಲೆಮಾರಿಗೂ ಉಳಿಯುತ್ತದೆ. ಮನೆಯ ಹಿರಿಯರ ಮುಖ, ಊರಿನ ಹಳೆಯ ಕಟ್ಟೆ, ಭತ್ತದ ನಾಟಿ ಇವನ್ನು ಹಾಗೆ ಉಳಿಸಬೇಕೆಂಬ ಆಸೆ ಇದ್ದವರು ಮುಂದೆ ಓದಬಹುದು.

ಹಿಂದಿನ ದಾರಿ

ತುಂಗಭದ್ರೆಯ ದಂಡೆಗೆ ಛಾಯಾಗ್ರಹಣ ಹೊಸದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಇದೇ ನದಿಯ ಮೇಲ್ಭಾಗದ ಹಂಪಿಯಲ್ಲಿ ಮೇಣ ಹಿಡಿಸಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದ. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಯಾವ ಮಂಟಪ ಉಳಿದಿದೆ, ಯಾವುದು ಬದಲಾಗಿದೆ ಎಂದು ಜೋಡಿಸಿ ನೋಡಲು ಸಾಧ್ಯವಾಯಿತು. ಹಳೆಯ ನೆಗೆಟಿವ್ ಉಳಿದಿದ್ದರಿಂದಲೇ ಆ ಕೆಲಸ ಆಯಿತು.

ನಮ್ಮವರಲ್ಲೂ ಕಪ್ಪು-ಬಿಳುಪಿನ ದೊಡ್ಡ ಹೆಸರುಗಳಿವೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಚಿತ್ರಿಸಿ 1977ರಲ್ಲಿ ಪದ್ಮಶ್ರೀ ಪಡೆದರು. ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಸಚಿವರಾಗಿದ್ದವರು. ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದರು.

ಆ ಕಾಲದಲ್ಲಿ ನಮ್ಮ ದೇಶದಲ್ಲೇ ಫಿಲ್ಮ್ ತಯಾರಾಗುತ್ತಿತ್ತು. ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ, 1967ರಿಂದ 'ಇಂದು' ಹೆಸರಿನ ಫಿಲ್ಮ್ ಮತ್ತು ಕಾಗದವನ್ನು ಮಾರುಕಟ್ಟೆಗೆ ಕೊಟ್ಟಿತು. ಹಳ್ಳಿ-ಪಟ್ಟಣದ ಸ್ಟುಡಿಯೋಗಳು ಅದರ ಮೇಲೆ ನಡೆದವು. ಬಣ್ಣದ ಫಿಲ್ಮ್, ಆಮೇಲೆ ಡಿಜಿಟಲ್ ಬಂದ ಮೇಲೆ ಆ ಕಾರ್ಖಾನೆ ನಷ್ಟಕ್ಕೆ ಸಿಕ್ಕಿ ಮುಚ್ಚಿತು. ಹೀಗಾಗಿ ಇಂದು ನಮಗೆ ಸಿಗುವ ಕಪ್ಪು-ಬಿಳುಪು ಫಿಲ್ಮ್ ಬಹುಮಟ್ಟಿಗೆ ಹೊರದೇಶದ್ದು. ಬೆಲೆ ಏರುವುದಕ್ಕೆ ಇದೂ ಒಂದು ಕಾರಣ.

ಬೆಲೆಯ ಲೆಕ್ಕ ಹೇಗೆ?

ಅಂಗಡಿಯವರು ಹೇಳುವುದು ರೋಲಿನ ಬೆಲೆ. ನೀವು ಲೆಕ್ಕ ಹಾಕಬೇಕಾದದ್ದು ಒಂದು ಒಳ್ಳೆಯ ಚಿತ್ರಕ್ಕೆ ಬೀಳುವ ಬೆಲೆ. ಲೆಕ್ಕಕ್ಕೆಂದು ಮಾತ್ರ ಒಂದು ಉದಾಹರಣೆ ತೆಗೆದುಕೊಳ್ಳೋಣ. ರೋಲಿಗೆ 700 ರೂಪಾಯಿ, ಅಂಚೆ ಅಥವಾ ಕೊರಿಯರ್‌ಗೆ 100, ತೊಳೆಯುವ ರಾಸಾಯನಿಕಕ್ಕೆ 100 ಎಂದಿಟ್ಟುಕೊಳ್ಳಿ. ಒಟ್ಟು 900. ಇದನ್ನು 36ರಿಂದ ಭಾಗಿಸಿದರೆ ಚಿತ್ರವೊಂದಕ್ಕೆ 25 ರೂಪಾಯಿ. ಅರ್ಧ ರೋಲು ಕೆಟ್ಟರೆ ಅದೇ 50 ರೂಪಾಯಿಯಾಗುತ್ತದೆ. ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಗೊತ್ತುಗುರಿಯಿಲ್ಲದ ಫಿಲ್ಮ್ ತಂದು ಹತ್ತು ಚಿತ್ರ ಕಳೆದುಕೊಂಡರೆ, ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಎಲ್ಲಕ್ಕಿಂತ ಕಡಿಮೆ ಬೆಲೆಯ ಫಿಲ್ಮೇ ಅಗ್ಗದ್ದು ಎನ್ನುವಂತಿಲ್ಲ. ಮತ್ತೆ ಮತ್ತೆ ಸಿಗುವ, ಸಣ್ಣಪುಟ್ಟ ತಪ್ಪನ್ನು ತಾಳಿಕೊಳ್ಳುವ ಫಿಲ್ಮೇ ಹೊಸಬರಿಗೆ ನಿಜವಾಗಿ ಅಗ್ಗ.

ಕ್ಯಾಮೆರಾದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. 35 ಮಿಲಿಮೀಟರ್ ರೋಲಿನಲ್ಲಿ 36 ಚಿತ್ರ. ಯಾಶಿಕಾ-ಮ್ಯಾಟ್, ಆಗ್ಫಾ ಕ್ಲಿಕ್ ಮುಂತಾದ ಕ್ಯಾಮೆರಾಗಳಿಗೆ ಹಾಕುವ 120 ಅಳತೆಯ ರೋಲಿನಲ್ಲಿ ಚೌಕಾಕಾರದ 12 ಚಿತ್ರ ಮಾತ್ರ. ದೊಡ್ಡ ನೆಗೆಟಿವ್‌ನ ಸೊಗಸು ಬೇರೆಯೇ ಆದರೂ ಕಲಿಯುವವರಿಗೆ 35 ಮಿಲಿಮೀಟರ್ ಹಗುರ.

ವೇಗ ಎಂದರೇನು?

ಫಿಲ್ಮಿನ ಡಬ್ಬಿಯ ಮೇಲೆ 100, 200, 400 ಎಂಬ ಅಂಕಿಗಳಿರುತ್ತವೆ. ಇದಕ್ಕೆ ಐಎಸ್‌ಒ ವೇಗ ಎನ್ನುತ್ತಾರೆ. ಅಂಕಿ ಹೆಚ್ಚಿದಷ್ಟೂ ಫಿಲ್ಮಿಗೆ ಬೆಳಕು ಕಡಿಮೆ ಸಾಕು. ಆದರೆ ಚಿತ್ರದಲ್ಲಿ ಕಣ ದಪ್ಪವಾಗಿ ಕಾಣುತ್ತದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ನುಣುಪು; ಆದರೆ ಬೆಳಕು ಹೆಚ್ಚು ಬೇಕು.

ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಒಂದು ಹಳೆಯ ಸೂತ್ರವನ್ನು ನೆನಪಿಟ್ಟುಕೊಳ್ಳಿ: ಚೆನ್ನಾಗಿ ಬಿಸಿಲಿರುವಾಗ ಅಪರ್ಚರ್ 16ಕ್ಕೆ ಇಟ್ಟು, ಫಿಲ್ಮಿನ ಅಂಕಿಗೆ ಸಮೀಪದ ಷಟರ್ ವೇಗ ಇಡಬೇಕು. 100ರ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಭಾಗ, 400ರ ಫಿಲ್ಮಿಗೆ 500ನೇ ಒಂದು ಭಾಗ. ಮೋಡ ಕವಿದರೆ ಅಪರ್ಚರನ್ನು 8ಕ್ಕೆ, ಮನೆಯ ನೆರಳಿಗೆ ಬಂದರೆ 5.6ಕ್ಕೋ 4ಕ್ಕೋ ತೆರೆಯಬೇಕು. ಮೀಟರ್ ಕೆಟ್ಟುಹೋಗಿರುವ ಹಳೆಯ ಕ್ಯಾಮೆರಾದವರಿಗೆ ಈ ಸೂತ್ರವೇ ಆಸರೆ.

ಹಾಗಾದರೆ ಯಾವ ವೇಗ? ಷಟರ್ ಮತ್ತು ಅಪರ್ಚರ್ ಎರಡನ್ನೂ ಬದಲಿಸಲು ಬರುವ ಕ್ಯಾಮೆರಾ ಇದ್ದರೆ 400 ತೆಗೆದುಕೊಳ್ಳಿ. ಹೊಲದಲ್ಲಿಯೂ ಬರುತ್ತದೆ, ಸಂಜೆಯ ಕಟ್ಟೆಯಲ್ಲಿಯೂ ಬರುತ್ತದೆ, ಕಿಟಕಿ ಪಕ್ಕ ಕುಳಿತ ಅಜ್ಜಿಯ ಮುಖಕ್ಕೂ ಬರುತ್ತದೆ. ಆಗ್ಫಾ ಕ್ಲಿಕ್‌ನಂತೆ ಒಂದೇ ಷಟರ್ ವೇಗ ಇರುವ ಪೆಟ್ಟಿಗೆ ಕ್ಯಾಮೆರಾವಾದರೆ 100 ಒಳ್ಳೆಯದು. ನಮ್ಮ ಮಧ್ಯಾಹ್ನದ ಬಿಸಿಲಿಗೆ 400 ಹಾಕಿದರೆ ನೆಗೆಟಿವ್ ಇದ್ದಿಲಿನಂತೆ ಕಪ್ಪಾಗುತ್ತದೆ.

ಈಗ ಸಿಗುವ ಫಿಲ್ಮ್‌ಗಳು

ಇಂಗ್ಲೆಂಡಿನ ಹಾರ್ಮನ್ ಸಂಸ್ಥೆ ಇಲ್ಫೋರ್ಡ್ ಮತ್ತು ಕೆಂಟ್‌ಮಿಯರ್ ಎಂಬ ಎರಡು ಹೆಸರಿನಲ್ಲಿ ಫಿಲ್ಮ್ ಮಾಡುತ್ತದೆ. ಇಲ್ಫೋರ್ಡ್‌ನ ಎಚ್‌ಪಿ-5 ಪ್ಲಸ್ 400 ವೇಗದ್ದು, 1989ರಿಂದ ಇದೆ. ಬೆಳಕು ಹೆಚ್ಚು-ಕಡಿಮೆಯಾದರೂ ಚಿತ್ರ ಕೈಬಿಡುವುದಿಲ್ಲ ಎಂಬ ಹೆಸರು ಅದಕ್ಕಿದೆ. ಅದೇ ಸಂಸ್ಥೆಯ ಕೆಂಟ್‌ಮಿಯರ್ ಪ್ಯಾನ್ 100 ಮತ್ತು 400 ಅದಕ್ಕಿಂತ ಕಡಿಮೆ ಬೆಲೆಯವು. ಹೊಸಬರಿಗೆಂದೇ ಮಾಡಿದಂತಿವೆ. ವ್ಯತ್ಯಾಸ ಇಲ್ಲವೆಂದಲ್ಲ; ಮಂದ ಬೆಳಕಿನಲ್ಲಿ ತೆಗೆದು ಹೆಚ್ಚು ಹೊತ್ತು ತೊಳೆಯುವಾಗ ಇಲ್ಫೋರ್ಡ್ ಮೇಲು. ಆದರೆ ಮೊದಲ ಹತ್ತು ರೋಲುಗಳಲ್ಲಿ ಆ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ.

ಜೆಕ್ ದೇಶದ ಫೋಮಾ ಸಂಸ್ಥೆ 1921ರಷ್ಟು ಹಳೆಯದು. ಅದರ ಫೋಮಾಪ್ಯಾನ್ 100, 200, 400 ಕೂಡ ಅಗ್ಗದ ಸಾಲಿನಲ್ಲಿವೆ. 100ರ ಫಿಲ್ಮ್ ಹಗಲು ಬೆಳಕಿಗೆ ಬಹಳ ಚೆಂದ, ಹಳೆಯ ಕಾಲದ ಚಿತ್ರದ ಛಾಯೆ ಇದೆ. 400ರ ಫಿಲ್ಮನ್ನು ಮಾತ್ರ ಅನುಭವಸ್ಥರು 200 ಅಥವಾ 250 ಎಂದು ಭಾವಿಸಿ ಬೆಳಕು ಕೊಡುತ್ತಾರೆ. ಡಬ್ಬಿಯ ಅಂಕಿಯನ್ನೇ ನಂಬಿದರೆ ನೆರಳಿನ ಭಾಗ ಬರಿದಾಗುತ್ತದೆ.

ಕೊಡಾಕ್‌ನ ಟ್ರೈ-ಎಕ್ಸ್ 1954ರಿಂದ ಪತ್ರಿಕಾ ಛಾಯಾಗ್ರಾಹಕರ ಒಡನಾಡಿ. ಒಳ್ಳೆಯ ಫಿಲ್ಮ್, ಆದರೆ ದುಬಾರಿ. ಕೈ ಪಳಗಿದ ಮೇಲೆ ನೋಡಬಹುದು.

ಹೊಸ ಹೊಸ ಹೆಸರಿನ, ಅಂದದ ಡಬ್ಬಿಯ ಫಿಲ್ಮ್‌ಗಳೂ ಮಾರಾಟಕ್ಕಿವೆ. ಇವುಗಳಲ್ಲಿ ಹಲವು ಬೇರೆ ಸಂಸ್ಥೆಯ ಫಿಲ್ಮನ್ನೇ ಬೇರೆ ಹೆಸರಿನಲ್ಲಿ ತುಂಬಿದವು. ಒಳಗಿರುವುದು ಯಾವ ಫಿಲ್ಮ್, ಎಷ್ಟು ಹೊತ್ತು ತೊಳೆಯಬೇಕು ಎಂದು ಮಾರುವವರು ಹೇಳಲಾರದಿದ್ದರೆ ಹೊಸಬರು ದೂರ ಇರುವುದು ಲೇಸು.

ಎರಡು ಮೋಸದ ಗುಂಡಿಗಳು

ಒಂದನೆಯದು, ಅವಧಿ ಮುಗಿದ ಫಿಲ್ಮ್. ಹಳೆಯ ಸ್ಟುಡಿಯೋದ ಕಪಾಟಿನಲ್ಲಿ 'ಇಂದು' ಅಥವಾ ಓರ್ವೋ ರೋಲು ಸಿಕ್ಕರೆ ಖುಷಿಯಾಗುವುದು ಸಹಜ. ಆದರೆ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇಂಥ ಇಪ್ಪತ್ತು-ಮೂವತ್ತು ಬೇಸಿಗೆ ಕಂಡ ಫಿಲ್ಮ್ ಬೆಳಕು ಕಾಣದಿದ್ದರೂ ಮಸುಕಾಗಿರುತ್ತದೆ. ಅದನ್ನು ಕುತೂಹಲಕ್ಕೆ ಹಾಕಿ ನೋಡಿ. ತಂಗಿಯ ಮದುವೆಗೆ ಹಾಕಬೇಡಿ.

ಎರಡನೆಯದು, ತೊಳೆಯುವ ಜಾಗ. ಬಣ್ಣದ ಫಿಲ್ಮ್ ತೊಳೆಯುವ ಯಂತ್ರಕ್ಕೆ ಸಿ-41 ಎಂಬ ವಿಧಾನವಿದೆ. ಅದರಲ್ಲಿ ಚಿತ್ರ ಮೂಡಿಸುವ ಬೆಳ್ಳಿಯನ್ನೆಲ್ಲ ಕೊನೆಗೆ ತೆಗೆದುಹಾಕುತ್ತಾರೆ. ಬಣ್ಣ ಮಾತ್ರ ಉಳಿಯುತ್ತದೆ. ಸಾಧಾರಣ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೆಂದರೆ ಬೆಳ್ಳಿಯೇ. ಅದನ್ನು ಈ ಯಂತ್ರಕ್ಕೆ ಹಾಕಿದರೆ ಬರುವುದು ಖಾಲಿ ಪಟ್ಟಿ; 36 ಚಿತ್ರಗಳಲ್ಲಿ ಒಂದೂ ಉಳಿಯುವುದಿಲ್ಲ, ಮರಳಿ ಪಡೆಯುವ ಉಪಾಯವೂ ಇಲ್ಲ. ಆದ್ದರಿಂದ ರೋಲು ಕೊಡುವಾಗ 'ಕಪ್ಪು-ಬಿಳುಪು, ಸಿ-41 ಬೇಡ' ಎಂದು ಚೀಟಿ ಅಂಟಿಸಿಯೇ ಕೊಡಿ. ಇಲ್ಫೋರ್ಡ್‌ನ ಎಕ್ಸ್‌ಪಿ-2 ಸೂಪರ್ ಎಂಬ ಒಂದು ಕಪ್ಪು-ಬಿಳುಪು ಫಿಲ್ಮನ್ನು ಮಾತ್ರ ಸಿ-41ರಲ್ಲಿಯೇ ತೊಳೆಯಬೇಕು. ನಿಮಗೆ ಹತ್ತಿರದ ಪಟ್ಟಣದಲ್ಲಿ ಅಂಥ ಯಂತ್ರ ಇನ್ನೂ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಂಡೇ ಅದನ್ನು ಕೊಳ್ಳಿ.

ಮನೆಯಲ್ಲಿಯೇ ತೊಳೆಯುವುದು

ಖರ್ಚು ನಿಜವಾಗಿ ಇಳಿಯುವುದು ಇಲ್ಲಿಯೇ. ಬೇಕಾದದ್ದು ಒಂದು ಡೆವಲಪಿಂಗ್ ಟ್ಯಾಂಕು, ಥರ್ಮಾಮೀಟರು, ಅಳತೆಯ ಲೋಟ, ಗಡಿಯಾರ, ಎರಡು ಮೂರು ಬಾಟಲಿ. ಫಿಲ್ಮನ್ನು ಟ್ಯಾಂಕಿನ ಸುರುಳಿಗೆ ಸುತ್ತುವ ಐದು ನಿಮಿಷ ಪೂರ್ತಿ ಕತ್ತಲು ಬೇಕು. ರಾತ್ರಿ ಒಳಕೋಣೆಯ ಕಿಟಕಿಗೆ ದಪ್ಪ ಕೌದಿ ಕಟ್ಟಿದರೆ ಸಾಕು. ಹತ್ತು ನಿಮಿಷ ಕತ್ತಲಲ್ಲಿ ಕುಳಿತ ಮೇಲೂ ನಿಮ್ಮ ಕೈ ನಿಮಗೆ ಕಾಣಬಾರದು, ಅದೇ ಪರೀಕ್ಷೆ. ಮುಚ್ಚಳ ಹಾಕಿದ ಮೇಲೆ ಉಳಿದ ಕೆಲಸವೆಲ್ಲ ಬೆಳಕಿನಲ್ಲಿಯೇ.

ಡಿ-76 ಎಂಬ ಡೆವಲಪರ್ ಎಲ್ಲ ಫಿಲ್ಮ್‌ಗಳಿಗೂ ಒಗ್ಗುತ್ತದೆ. ಇಲ್ಫೋರ್ಡ್‌ನ ಐಡಿ-11 ಇದರ ಜೋಡಿ. ಸಿದ್ಧ ಪುಡಿ ಸಿಗದಿದ್ದರೆ ರಾಸಾಯನಿಕ ಮಾರುವವರಿಂದ ತಂದು ಮನೆಯಲ್ಲೇ ಮಾಡಬಹುದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರ್ ಬೆಚ್ಚನೆಯ ನೀರಿಗೆ ಇದೇ ಕ್ರಮದಲ್ಲಿ ಒಂದೊಂದಾಗಿ ಹಾಕಿ, ಒಂದು ಕರಗಿದ ಮೇಲೆಯೇ ಮತ್ತೊಂದನ್ನು ಹಾಕಿ, ಕೊನೆಗೆ ನೀರು ಸೇರಿಸಿ ಲೀಟರು ತುಂಬಿಸಿ. ಇದಕ್ಕೆ ಸಮ ನೀರು ಬೆರೆಸಿ ಒಮ್ಮೆ ಬಳಸಿ ಚೆಲ್ಲುವ ಕ್ರಮದಲ್ಲಿ, 300 ಮಿಲಿಲೀಟರಿನ ಟ್ಯಾಂಕಿಗೆ 150 ಮಿಲಿಲೀಟರ್ ಸಾಕು. ಲೀಟರಿಗೆ ಆರು ರೋಲು ಆಗುತ್ತದೆ. ಕೈಗೆ ಗವಸು ಹಾಕಿ, ಅಡುಗೆಯ ಪಾತ್ರೆ-ಚಮಚ ಮುಟ್ಟಬೇಡಿ, ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ನಮ್ಮ ಕಡೆಯ ದೊಡ್ಡ ತೊಡಕು ನೀರಿನ ಬಿಸಿ. ಪುಸ್ತಕಗಳು ಹೇಳುವ ವೇಳೆಯೆಲ್ಲ 20 ಡಿಗ್ರಿ ಉಷ್ಣಾಂಶಕ್ಕೆ. ಏಪ್ರಿಲ್-ಮೇ ತಿಂಗಳಲ್ಲಿ ನಲ್ಲಿಯ ನೀರು 30 ದಾಟಿರುತ್ತದೆ. ಬಿಸಿ ಏರಿದಷ್ಟೂ ತೊಳೆಯುವ ಹೊತ್ತು ಇಳಿಯುತ್ತದೆ. ಐದು ನಿಮಿಷಕ್ಕಿಂತ ಕೆಳಗಿಳಿದರೆ ಚಿತ್ರ ಪಟ್ಟೆಪಟ್ಟೆಯಾಗುತ್ತದೆ. ಎಚ್‌ಪಿ-5 ಪ್ಲಸ್‌ಗೆ ಸಮ ನೀರು ಬೆರೆಸಿದ ಐಡಿ-11ರಲ್ಲಿ 20 ಡಿಗ್ರಿಗೆ 13 ನಿಮಿಷ. 24 ಡಿಗ್ರಿಗೆ ಸುಮಾರು 9 ನಿಮಿಷ. ಆದ್ದರಿಂದ 24 ಡಿಗ್ರಿಯನ್ನು ಗುರಿಯಾಗಿಟ್ಟುಕೊಳ್ಳಿ. ಮಣ್ಣಿನ ಗಡಿಗೆಯಲ್ಲಿ ರಾತ್ರಿಯೆಲ್ಲ ಇಟ್ಟ ನೀರು ತಾನಾಗಿ ತಣ್ಣಗಾಗಿರುತ್ತದೆ. ಬೆಳಗಿನ ಜಾವ ಆ ನೀರಿನ ಬೋಗುಣಿಯಲ್ಲಿ ಬಾಟಲಿಗಳನ್ನು ನಿಲ್ಲಿಸಿ. ಸಾಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸನ್ನು ಬೋಗುಣಿಗೆ ಬಿಡಿ. ಡೆವಲಪರ್ ಒಳಗೇ ಐಸು ಹಾಕಬಾರದು. ಡೆವಲಪರ್, ನಡುವಿನ ನೀರು, ಹೈಪೋ ಮೂರೂ ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿರಲಿ.

ಹೈಪೋ ಸಾಕಷ್ಟು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಫಿಲ್ಮಿನ ಬಾಲದ ತುಂಡೊಂದನ್ನು ಅದರಲ್ಲಿ ಅದ್ದಿ. ಅದು ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ರೋಲನ್ನು ಹೈಪೋದಲ್ಲಿಡಿ. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಡೆವಲಪರ್ ಕಲಸಲು ಮತ್ತು ಕಡೆಯ ತೊಳೆತಕ್ಕೆ ಎತ್ತಿಡಿ. ಎರೆಮಣ್ಣಿನ ಧೂಳು ಹಾರುವ ಗಾಳಿಗಾಲದಲ್ಲಿ ಫಿಲ್ಮನ್ನು ಬಚ್ಚಲಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಒಣಹಾಕಿ. ಬಳಸಿದ ಹೈಪೋದಲ್ಲಿ ಬೆಳ್ಳಿಯ ಅಂಶವಿರುತ್ತದೆ. ಅದನ್ನು ಬಾವಿ, ಕಾಲುವೆ, ಹೊಳೆಗೆ ಸುರಿಯಬಾರದು. ಡಬ್ಬದಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಅಥವಾ ದೊಡ್ಡ ಊರಿನ ಲ್ಯಾಬಿಗೆ ಕೊಡಿ.

ಕೂಡಿ ಕೊಂಡರೆ ಇನ್ನೂ ಅಗ್ಗ

ಕೆಂಟ್‌ಮಿಯರ್, ಫೋಮಾ, ಇಲ್ಫೋರ್ಡ್ ಫಿಲ್ಮ್‌ಗಳು 30.5 ಮೀಟರಿನ ಉದ್ದ ಸುರುಳಿಯಾಗಿಯೂ ಬರುತ್ತವೆ. 36 ಚಿತ್ರದ ರೋಲಿಗೆ ಸುಮಾರು 1.65 ಮೀಟರ್ ಬೇಕು; ಒಂದು ಸುರುಳಿಯಲ್ಲಿ 18 ರೋಲು ಆಗುತ್ತದೆ. ತುಂಬುವ ಡಬ್ಬಿಯೊಂದು ಮತ್ತು ಮತ್ತೆ ಬಳಸಬಹುದಾದ ಖಾಲಿ ಕ್ಯಾಸೆಟ್‌ಗಳು ಬೇಕು. ಒಬ್ಬರಿಗೆ ಇದು ಭಾರ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಾಲ್ವರು ಗೆಳೆಯರು ಕೂಡಿದರೆ ಹಗುರ. ಆದರೆ ಇದು ಎರಡನೆಯ ವರ್ಷದ ಪಾಠ. ಮೊದಲ ಐದಾರು ರೋಲನ್ನು ಸಿದ್ಧವಾಗಿಯೇ ಕೊಳ್ಳಿ. ತಪ್ಪಾದಾಗ ಅದು ತುಂಬಿದ ರೀತಿಯಿಂದಲೋ ತೆಗೆದ ರೀತಿಯಿಂದಲೋ ಎಂಬ ಗೊಂದಲ ಇರುವುದಿಲ್ಲ.

ಬಣ್ಣವನ್ನು ಬೂದಿಯಲ್ಲಿ ಕಾಣುವುದು

ಫಿಲ್ಮ್ ಬಂತು, ಇನ್ನು ಕಣ್ಣು ಪಳಗಬೇಕು. ಇಳಕಲ್ ಸೀರೆಯ ಕೆಂಪು ಸೆರಗು ಮತ್ತು ಹಸಿರು ಒಡಲು ನಮ್ಮ ಕಣ್ಣಿಗೆ ಹಗಲು-ರಾತ್ರಿಯಷ್ಟು ಬೇರೆ. ಕಪ್ಪು-ಬಿಳುಪಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದಿಬಣ್ಣವಾಗಬಹುದು. ಅಲ್ಲಿ ಬಣ್ಣ ನೆರವಿಗೆ ಬರುವುದಿಲ್ಲ. ಬೆಳಕು-ನೆರಳೇ ಬೇರೆ ಮಾಡಬೇಕು. ಕಣ್ಣನ್ನು ಅರೆಮುಚ್ಚಿ ನೋಡಿದರೆ ಇದು ಬೇಗ ತಿಳಿಯುತ್ತದೆ. ಭತ್ತದ ಗದ್ದೆಯ ಮೇಲೆ ತೇಲುವ ಮೋಡ ಬೇಕೆಂದರೆ ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ. ನೀಲಿ ಆಕಾಶ ತುಸು ಕಪ್ಪಾಗಿ ಮೋಡ ಎದ್ದು ಕಾಣುತ್ತದೆ.

ಕಲ್ಲಿನ ಚಿತ್ರಕ್ಕೆ ಬೆಳಗು ಮತ್ತು ಸಂಜೆಯ ಓರೆ ಬಿಸಿಲೇ ಸರಿ. ಮುದಗಲ್ಲಿನ ಕೋಟೆ ಗೋಡೆಯನ್ನು ನಡುಹಗಲಿನಲ್ಲಿ ತೆಗೆದರೆ ಚಪ್ಪಟೆ. ಇಳಿಬಿಸಿಲಿನಲ್ಲಿ ಒಂದೊಂದು ಕಲ್ಲೂ ಬೇರೆಯಾಗಿ ಕಾಣುತ್ತದೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನೇ ಹೇಳಿದ ಕಾರಣಕ್ಕೆ ಜಗತ್ತಿಗೆ ಪರಿಚಿತ. ಅಂಥ ಜಾಗಗಳಲ್ಲಿ ಅಲ್ಲಿನ ಸಿಬ್ಬಂದಿಯನ್ನು ಕೇಳಿ ಚಿತ್ರ ತೆಗೆಯಿರಿ. ಅಕ್ಷರ ಕಾಣಲೆಂದು ಸುಣ್ಣ, ಚಾಕ್‌ಪೀಸು ಬಳಿಯುವುದು, ನೀರು ಎರಚುವುದು ಎಂದಿಗೂ ಬೇಡ.

ಕಾಪಾಡುವುದು

ಕೊಂಡ ಫಿಲ್ಮನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಬಳಸುವ ಎರಡು ಮೂರು ಗಂಟೆ ಮೊದಲೇ ಹೊರಗೆ ತೆಗೆದು, ತಣ್ಣಗಿರುವಾಗ ಡಬ್ಬಿ ತೆರೆಯದೆ ಕಾಯಿರಿ. ಇಲ್ಲವಾದರೆ ತೇವ ಕೂಡುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿ, ಕಾರಿನ ಮುಂಭಾಗ ಫಿಲ್ಮಿಗೆ ಒಲೆ ಇದ್ದಂತೆ. ತೊಳೆದ ನೆಗೆಟಿವ್‌ಗಳನ್ನು ಆರಾರು ಚಿತ್ರಗಳಾಗಿ ಕತ್ತರಿಸಿ ಅದಕ್ಕೆಂದೇ ಇರುವ ಹಾಳೆಗಳಲ್ಲಿ ಇಡಿ. ಹಾಳೆಯ ಮೇಲೆ ತಾರೀಖು, ಊರು, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಹೆಸರಿಲ್ಲದ ಅಜ್ಜನ ಚಿತ್ರ ಐವತ್ತು ವರ್ಷಗಳ ಮೇಲೆ ಯಾರದೋ ಅಜ್ಜನ ಚಿತ್ರವಾಗಿಬಿಡುತ್ತದೆ.

ಒಟ್ಟಿನಲ್ಲಿ

ಷಟರ್-ಅಪರ್ಚರ್ ಬದಲಿಸುವ ಕ್ಯಾಮೆರಾ ಇದ್ದರೆ ಕೆಂಟ್‌ಮಿಯರ್ 400, ಪೆಟ್ಟಿಗೆ ಕ್ಯಾಮೆರಾಕ್ಕೆ ಅಥವಾ ಹಗಲು ಬೆಳಕಿಗೆ ಮಾತ್ರವಾದರೆ ಕೆಂಟ್‌ಮಿಯರ್ 100 ಇಲ್ಲವೇ ಫೋಮಾಪ್ಯಾನ್ 100. ಜೊತೆಗೆ ಡಿ-76. ಇಷ್ಟನ್ನು ಆರಿಸಿಕೊಂಡು ಹತ್ತು ರೋಲು ಮುಗಿಯುವ ತನಕ ಬದಲಿಸಬೇಡಿ. ಪ್ರತಿ ಚಿತ್ರಕ್ಕೂ ಅಪರ್ಚರ್, ಷಟರ್, ಹೊತ್ತು ಇವನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೋಲು ಬದಲಿಸುತ್ತಾ ಹೋದವರಿಗೆ ಫಿಲ್ಮ್‌ಗಳ ಹೆಸರು ಗೊತ್ತಾಗುತ್ತದೆ. ಒಂದನ್ನೇ ಹಿಡಿದವರಿಗೆ ಬೆಳಕು ಗೊತ್ತಾಗುತ್ತದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಕೂಡಿಸುತ್ತಾ ಬಂದಿದೆ. ದೂರವಾದವರು ತಮ್ಮ ಊರಿನ ಹಳೆಯ ಸ್ಟುಡಿಯೋ ಯಜಮಾನರನ್ನು ಹೋಗಿ ಕಾಣಲಿ. ಹೈಪೋ ವಾಸನೆ ಮರೆಯದ ಹಿರಿಯರು ಇನ್ನೂ ಇದ್ದಾರೆ. ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ.

ಮೊದಲ ರೋಲಿನ ಮೊದಲ ಚಿತ್ರ ಯಾರದಿರಲಿ ಎಂದು ಕೇಳುವಿರಾದರೆ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರದಿರಲಿ. ಬೆಳಗಿನ ಎಳೆಬಿಸಿಲಿಗೆ ಹೊಸ್ತಿಲ ಬಳಿ ಕೂರಿಸಿ, ನಿಧಾನವಾಗಿ ಮಾತನಾಡಿಸುತ್ತಾ ತೆಗೆಯಿರಿ. ಶುಭವಾಗಲಿ.